ಚಾದರದಮ್ಮ ಮತ್ತು ಕಕ್ಕುವ ಹಾವಿನ ಮರಿ

ಚಾದರದಮ್ಮ ಮೂವತ್ತೊಂದು ವರ್ಷ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿದ್ದವಳು. ಹೆತ್ತವರಿಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ರೋಗಿ ಕೊನೆಯ ತುತ್ತು ನುಂಗಿ ತಟ್ಟೆ ಕೆಳಗಿಡುವಷ್ಟರಲ್ಲಿ ಅವಳನ್ನು ಪಕ್ಕಕ್ಕೆ ಹೊರಳಿಸಿ, ಹಳೆಯ ಚಾದರ ಎಳೆದು, ಹೊಸದು ಹಾಸಿ, ಮೂಲೆ ಮಡಿಚಿ ಮುಗಿಸಿರುತ್ತಿದ್ದಳು. ಉಂಡ ಕೂಡಲೇ ಹಾಸಿಗೆ ಬದಲಾಗಬೇಕು, ಕಾಯಿಲೆಯವರು ಎಂಜಲಿನ ಮೇಲೆ ಮಲಗಬಾರದು. ಕೆಲಸಕ್ಕೆ ಸೇರಿದ ದಿನ ಹಿರಿಯ ಆಯಾ ಕಲಿಸಿದ ಮೊದಲ ಪಾಠ ಅದು.

ವಾಂತಿಯ ವಿಷಯದಲ್ಲಂತೂ ಅವಳಿಗೆ ಗೊತ್ತಿಲ್ಲದ್ದು ಇರಲಿಲ್ಲ. ಹಳದಿಯದು, ಹಸಿರಿನದು, ಕಾಫಿಪುಡಿಯಂಥದ್ದು, ಬರೀ ನೀರಿನದು. ಬೋಗುಣಿ ನೋಡಿ, ರೋಗಿ ಏನು ತಿಂದಳು, ಎಷ್ಟು ಹೊತ್ತಿಗೆ ತಿಂದಳು ಎಂದು ಡಾಕ್ಟರಿಗಿಂತ ಮೊದಲು ಹೇಳುತ್ತಿದ್ದಳು. ಅಸಹ್ಯ ಆಗುತ್ತಿರಲಿಲ್ಲ ಎಂದಲ್ಲ, ಪ್ರತಿ ಸಲವೂ ಆಗುತ್ತಿತ್ತು. ಆಯಾ ಮುಖ ಹಿಂಡಿದರೆ ರೋಗಿ ಕುಗ್ಗಿಹೋಗುತ್ತಾಳೆಂದು ನುಂಗಿಕೊಳ್ಳುತ್ತಿದ್ದಳು, ಅಷ್ಟೇ. ನಿವೃತ್ತಿಯಾದ ದಿನ, ಇನ್ನು ಹುಟ್ಟಿದ ಯಾವ ಜೀವದ ವಾಂತಿಯನ್ನೂ ಬಾಚುವುದಿಲ್ಲ ಎಂದು ವಾರ್ಡಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿ ಬಂದಿದ್ದಳು.

ಹೇಳಿ ಎರಡು ವರ್ಷ ತುಂಬಿರಲಿಲ್ಲ, ಸೊಸೆ ಹಾವು ತಂದಳು.

ಸೊಸೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಹೋದರೆ ಮೂರು ದಿನ, ಬಂದರೆ ಎರಡು ದಿನ. ಜೊತೆ ಕೆಲಸದವಳ ಮನೆಯಲ್ಲಿ ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಒಂದನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಕಾರ್ನ್ ಸ್ನೇಕ್ ಅಂತ ಅದರ ಜಾತಿ. ವಿಷವಿಲ್ಲ; ಕಿರುಬೆರಳಿಗಿಂತ ಸಣ್ಣ; ಕಿತ್ತಳೆ ಬಣ್ಣದ ಮೈಮೇಲೆ ಕೆಂಪು ಮಚ್ಚೆ. ಅದಕ್ಕೆ ಲಾಡಿ ಎಂದು ಹೆಸರಿಟ್ಟಳು.

“ಪೈಜಾಮದ ಲಾಡಿಗಾದ್ರೂ ಒಂದು ಉಪಯೋಗ ಇದೆ ಕಣೇ,” ಎಂದಳು ಚಾದರದಮ್ಮ. “ಇದನ್ನ ಕಟ್ಟಿಕೊಂಡು ಏನು ಮಾಡ್ತೀಯ?”

“ನಿಮ್ಮ ಮಗನ್ನ ಕಟ್ಟಿಕೊಂಡು ಏನು ಮಾಡ್ತಿದೀನೋ ಅದನ್ನೇ ಅತ್ತೆ. ಸಾಕ್ತಿದೀನಿ.”

ಆ ಮಗ ಹಾವು ಬಂದ ದಿನವೇ ತನ್ನ ಹಾಸಿಗೆಯನ್ನು ಹಜಾರಕ್ಕೆ ಎಳೆದುಕೊಂಡಿದ್ದ. ಮೂರು ತಿಂಗಳು ಸೊಸೆಯೇ ಹಾವಿಗೆ ಉಣಿಸಿದಳು. ಆಮೇಲೆ ಅವಳ ಡ್ಯೂಟಿ ದಿನಗಳು ಬದಲಾಗಿ, ವಾರಕ್ಕೊಮ್ಮೆಯ ಆ ಊಟ ಅತ್ತೆಯ ಪಾಲಿಗೆ ಬಂತು. “ಇಲಿಮರಿ ಹಾಕಿ ಮುಚ್ಚಿಬಿಡಿ, ಇನ್ನೇನೂ ಬೇಡ,” ಎಂದು ಹೇಳಿ ಸೊಸೆ ರೈಲು ಹತ್ತಿದಳು.

ಹಾಕಿ ಮುಚ್ಚಿಬಿಡುವುದು! ಆ ಕೆಲಸ ಹೇಗಿತ್ತೆಂದರೆ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ಇಲಿಮರಿಗಳಿದ್ದವು. ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ. ಒಂದನ್ನು ಲೋಟದ ಬಿಸಿನೀರಿನಲ್ಲಿ ಬಿಟ್ಟರೆ ಕಾಲು ಗಂಟೆಯಲ್ಲಿ ಮೆತ್ತಗಾಗಿ, ಗುಲಾಬಿ ಬಣ್ಣಕ್ಕೆ ತಿರುಗಿ, ಹೊಟ್ಟೆಯ ಚರ್ಮದೊಳಗಿನ ಕರುಳು ಕಾಣುತ್ತಿತ್ತು. ಚಾದರದಮ್ಮ ಆ ಲೋಟಕ್ಕೆ ಕೆಂಪು ದಾರ ಸುತ್ತಿದಳು, ತಪ್ಪಿಯೂ ಯಾರೂ ಅದರಲ್ಲಿ ಕಾಫಿ ಕುಡಿಯದಿರಲೆಂದು. ಇಕ್ಕಳದಲ್ಲಿ ಹಿಡಿದು ತೋರಿಸಿದಾಗ ಲಾಡಿ ಬಾಯಿ ಹರಿಯುವಷ್ಟು ತೆರೆದು, ತಲೆಯ ಕಡೆಯಿಂದ ನುಂಗಿತು. ಹಿಂಗಾಲುಗಳು ಬಾಯಿಂದಾಚೆ ಬಹಳ ಹೊತ್ತು ನೇತಾಡುತ್ತಿದ್ದವು.

ಊಟ ಮುಗಿಯಿತು. ಹಾವನ್ನಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಸಿದ್ದ ಕಾಗದದ ಮೇಲೆ ಇಲಿಯ ಒದ್ದೆ, ಒಂದು ಚುಕ್ಕೆ ರಕ್ತ. ಅದನ್ನು ಹಾಗೇ ಬಿಟ್ಟು ಹೋಗುವ ಕೈ ಅವಳದ್ದಲ್ಲ. ರಬ್ಬರ್ ಗವಸು ಹಾಕಿಕೊಂಡಳು. ಗಂಟು ಕಟ್ಟಿದ ಹಗ್ಗದಂತೆ ನಡುವೆ ಉಬ್ಬಿದ್ದ ಹಾವನ್ನು ಎತ್ತಿ ಬಕೆಟ್ಟಿಗೆ ಬಿಟ್ಟಳು. ಡಬ್ಬಿ ತೊಳೆದು, ಒರೆಸಿ, ಹೊಸ ಕಾಗದ ಹಾಸಿ, ನಾಲ್ಕು ಮೂಲೆ ಮಡಿಚಿ, ಹಾವನ್ನು ಮತ್ತೆ ಮಲಗಿಸಿದಳು. ಸೊಸೆ ಕೂಡ ಇಷ್ಟು ಚೆನ್ನಾಗಿ ಮಾಡಿರಲಾರಳು ಎನಿಸಿತು.

ಮರುದಿನ ಬೆಳಿಗ್ಗೆ ಹಾವಿದ್ದ ಸೊಸೆಯ ಕೋಣೆಯ ಬಾಗಿಲು ತೆರೆದರೆ, ವಾಸನೆ ಕಪಾಳಕ್ಕೆ ಹೊಡೆದಂತೆ ಬಂತು.

ಮೂವತ್ತೊಂದು ವರ್ಷದಲ್ಲಿ ಅಂಥದ್ದನ್ನು ಅವಳು ಮೂಸಿರಲಿಲ್ಲ. ಕೊಳೆತ ಮೀನಿಗೆ ಹುಳಿಹಾಲು ಸುರಿದು ಬಿಸಿಲಲ್ಲಿಟ್ಟರೆ ಅದರ ಹತ್ತಿರಕ್ಕೆ ಬಂದೀತು. ಕಾಗದದ ಮೇಲೆ ಲೋಳೆ ಸುತ್ತಿದ ಒಂದು ಉಂಡೆ ಬಿದ್ದಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಇಲಿಯ ತಲೆ, ಭುಜ ಕರಗಿ ಬೂದು ಬಣ್ಣದ ಗಂಜಿಯಾಗಿದ್ದವು. ಹಿಂಗಾಲು, ಬಾಲ ಹಾಗೇ ಇದ್ದವು. ಅರ್ಧ ದಿನವಷ್ಟೇ ಹೊಟ್ಟೆಯಲ್ಲಿತ್ತು ಎಂದು ಲೆಕ್ಕ ಹಾಕಿದಳು. ಹಾಕಿ, ಬಚ್ಚಲಿಗೆ ಓಡಿ, ತಾನೂ ಕಕ್ಕಿದಳು.

ಆದರೆ ವಾಂತಿ ಮಾಡಿದ ರೋಗಿಗೆ ನಿತ್ರಾಣವಾಗಬಾರದಲ್ಲ. ಇನ್ನೊಂದು ಇಲಿಮರಿ ಕೊಟ್ಟಳು. ತಿಂದಿತು. ಕೂಡಲೇ ಮತ್ತೆ ಎತ್ತಿದಳು, ತೊಳೆದಳು, ಹಾಸಿದಳು. ಮರುದಿನ ಅದೂ ಹೊರಬಂದಿತ್ತು. ಈ ಸಲ ಲಾಡಿಯ ಚರ್ಮ ಬೆನ್ನಿನ ಎರಡೂ ಕಡೆ ಜೋತುಬಿದ್ದು, ನಡುವೆ ಬೆನ್ನೆಲುಬು ದಾರದಂತೆ ಎದ್ದು ಕಾಣುತ್ತಿತ್ತು.

ಮನೆಗೆ ಬಂದ ಸೊಸೆ ಸಮವಸ್ತ್ರವನ್ನೂ ಬಿಚ್ಚದೆ ಹಾವನ್ನು ಪ್ರಾಣಿವೈದ್ಯೆಯ ಹತ್ತಿರ ಒಯ್ದಳು. ಅತ್ತೆಯೂ ಜೊತೆಗೆ ಹೋದಳು. ವೈದ್ಯೆ ತಕ್ಕಡಿಯಲ್ಲಿಟ್ಟಳು: ಹದಿನಾಲ್ಕು ಗ್ರಾಂ. ಹೋದ ತಿಂಗಳು ಹದಿನೆಂಟಿತ್ತು.

“ತಿಂದ ಮೇಲೆ ಏನು ಮಾಡ್ತೀರಮ್ಮ?”

“ಆಗಿಂದಾಗಲೇ ಎತ್ತಿ, ಹಾಸಿಗೆ ಬದಲಾಯಿಸ್ತೀನಿ,” ಎಂದಳು ಚಾದರದಮ್ಮ, ತಲೆಯೆತ್ತಿ. “ಒಂದು ಕಲೆ ಉಳಿಸಲ್ಲ.”

ವೈದ್ಯೆ ಪೆನ್ನು ಕೆಳಗಿಟ್ಟಳು. “ಅಲ್ಲೇ ಕೆಟ್ಟಿರೋದು. ಹೊಟ್ಟೆ ತುಂಬಿದ ಹಾವನ್ನ ಎರಡು ದಿನ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಯಾರೋ ಹಿಡಿಯೋಕೆ ಬಂದ್ರು ಅಂತ ಹೆದರಿ, ತಿಂದಿದ್ದನ್ನ ಕಕ್ಕಿ ಮೈ ಹಗುರ ಮಾಡಿಕೊಳ್ಳತ್ತೆ. ಕಕ್ಕಿದಾಗ ಹೊಟ್ಟೆಯ ಆಮ್ಲ ಬಂದು ಗಂಟಲು ಸುಟ್ಟಿರತ್ತೆ, ಅದರ ಮೇಲೆ ಇನ್ನೊಂದು ಇಲಿ ಕೊಟ್ಟಿದೀರ. ಮೂರನೇ ಸಲ ಕಕ್ಕಿದ್ರೆ ಉಳಿಯೋದು ಕಷ್ಟ.”

ಹನ್ನೆರಡು ದಿನ ಉಪವಾಸ, ಬರೀ ನೀರು. ಡಬ್ಬಿಯ ಒಂದು ಬದಿ ಬೆಚ್ಚಗಿರಬೇಕು. ಆಮೇಲೆ ಎಲ್ಲಕ್ಕಿಂತ ಸಣ್ಣ ಇಲಿಮರಿ ಒಂದೇ ಒಂದು. ತಿಂದ ಮೇಲೆ ಕಾಗದ ಏನಾದರೂ ಆಗಲಿ, ಕೈ ಹಾಕಬಾರದು.

ಬಸ್ಸಿನಲ್ಲಿ ಸೊಸೆ ಕಿಟಕಿಯಾಚೆ ನೋಡುತ್ತಾ ಕೂತಳು. “ಬೈದುಬಿಡೇ,” ಎಂದಳು ಅತ್ತೆ.

“ಬೈದ್ರೆ ನಿಮಗೆ ಸಮಾಧಾನ ಆಗತ್ತೆ. ಅದಕ್ಕೇ ಬೈಯಲ್ಲ.”

ಆ ಮಾತು ವಾಸನೆಗಿಂತ ಹೆಚ್ಚು ಹೊತ್ತು ಮೂಗಿನಲ್ಲಿ ಉಳಿಯಿತು. ಹಾವು ಸತ್ತರೆ ಅವಳಿಗೇನೂ ಕಣ್ಣೀರು ಬರುವಂತಿರಲಿಲ್ಲ. ಆದರೆ ತನ್ನ ಕೈಯಲ್ಲಿ, ತನ್ನ ಶುಚಿತ್ವದಿಂದ ಒಂದು ರೋಗಿ ಸತ್ತಿತೆಂದರೆ, ಮೂವತ್ತೊಂದು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹದಿಮೂರನೆಯ ದಿನ ಸೊಸೆಗೆ ಮತ್ತೆ ಡ್ಯೂಟಿ ಬಿತ್ತು. ಹೋಗುವಾಗ ಬಾಗಿಲಲ್ಲಿ ತಿರುಗಿ, “ನಿಮ್ಮ ಕೈಗೇ ಬಿಟ್ಟು ಹೋಗ್ತಿದೀನಿ,” ಎಂದಳು. ಅದು ನಂಬಿಕೆಯೋ ಬೆದರಿಕೆಯೋ ತಿಳಿಯಲಿಲ್ಲ.

ಉಗುರಿನಷ್ಟು ಇಲಿಮರಿಯನ್ನು ಲಾಡಿ ನುಂಗಿತು. ಈ ಸಲ ಕಲೆ ದೊಡ್ಡದಾಗಿಯೇ ಬಿತ್ತು. ನೀರು, ರಕ್ತ, ಜೊತೆಗೆ ಅಂಟಂಟಾದ ಇನ್ನೇನೋ. ಚಾದರದಮ್ಮ ನೋಡಿದಳು. ಬೆರಳು ತುರಿಸಿದವು. ಆ ಹೊಲಸಿನ ಮೇಲೆಯೇ ಹಾವು ಹೊಟ್ಟೆಯೊತ್ತಿ ಸುರುಳಿ ಸುತ್ತಿಕೊಂಡಿತು. ಅವಳು ಮುಚ್ಚಳ ಮುಚ್ಚಿ ಹೊರಗೆ ಬಂದು, ಮನೆಯಲ್ಲಿದ್ದ ಎಂಟು ಚಾದರ, ಹನ್ನೊಂದು ದಿಂಬಿನ ಕವರು, ಎಲ್ಲ ಪರದೆಗಳನ್ನು ಒಗೆದಳು. ಮಗ ಹೊದ್ದು ಮಲಗಿದ್ದ ಹೊದಿಕೆಯನ್ನೂ ಎಳೆದುಕೊಂಡಳು.

“ಅಮ್ಮಾ, ಹಾವಿನ ಸಿಟ್ಟು ನನ್ನ ಮೇಲೆ ಯಾಕೆ?”

“ನಿನ್ನನ್ನಾದ್ರೂ ಎತ್ತಿದ್ರೆ ಕಕ್ಕಲ್ಲವಲ್ಲ, ಏಳು.”

ಸೊಸೆ ಗಂಟೆಗೊಂದು ಸಲ ಫೋನು ಮಾಡಿದಳು. “ಮುಟ್ಟಿದ್ರಾ ಅತ್ತೆ?”

“ಇಲ್ಲ ಕಣೇ. ಕೈಗೆ ಬೇಡಿ ಹಾಕಿಕೊಂಡಿದೀನಿ.”

ಮರುದಿನ ಬೆಳಿಗ್ಗೆ ಬಾಗಿಲಾಚೆ ನಿಂತು ಮೊದಲು ಮೂಸಿದಳು. ಇಲಿಯ ಹಳಸಲು ವಾಸನೆ ಇತ್ತು. ಕಕ್ಕಿದ ದಿನದ ಆ ನಾತ ಇರಲಿಲ್ಲ. ಎರಡನೆಯ ದಿನವೂ ಇರಲಿಲ್ಲ. ಕಲೆ ಒಣಗಿ ಕಪ್ಪಾಗಿತ್ತು, ಅದರ ಮೇಲೊಂದು ನೊಣ. ನೊಣವನ್ನು ಓಡಿಸಲೂ ಹೋಗಲಿಲ್ಲ.

ಮೂರನೆಯ ದಿನ ಕಾಗದದ ಮೂಲೆಯಲ್ಲಿ ಹೊಸದೊಂದು ಕಂಡಿತು. ಮತ್ತೆ ಕಕ್ಕಿತೇ? ಕನ್ನಡಕ ಏರಿಸಿ, ಮೂಗು ಹಿಡಿದು, ಹತ್ತಿರಕ್ಕೆ ಬಗ್ಗಿದಳು. ಕಂದು ಬಣ್ಣದ ಸಣ್ಣ ಎಳೆ, ತುದಿಯಲ್ಲಿ ಸುಣ್ಣದಂಥ ಬಿಳಿ. ಕಾಲಿಲ್ಲ, ಬಾಲವಿಲ್ಲ, ಲೋಳೆಯಿಲ್ಲ. ಎರಡು ಸಲ ನೋಡಿ ಖಚಿತ ಮಾಡಿಕೊಂಡು ಸೊಸೆಗೆ ಫೋನು ಹಚ್ಚಿದಳು.

“ಹೇತಿದೆ ಕಣೇ!”

“ಅತ್ತೆ, ಮೆಲ್ಲಗೆ! ಸುತ್ತ ಜನ ಇದಾರೆ.”

“ಇರಲಿ ಬಿಡು, ಅವರೇನು ಹೇಲೋದಿಲ್ವಾ? ಮೇಲಿಂದ ಬಂದದ್ದಲ್ಲ, ಕೆಳಗಿಂದಲೇ ಬಂದದ್ದು. ಪೂರಾ ಜೀರ್ಣ ಆಗಿದೆ. ಥೂ, ಏನು ನಾತ ಅಂತೀಯ!”

ಆ ಕಡೆ ರೈಲಿನ ಸದ್ದಿನ ನಡುವೆ ಸೊಸೆ ಮೂಗೆಳೆದುಕೊಂಡದ್ದು ಕೇಳಿಸಿತು. “ನಾನು ಬೈದಿರಲಿಲ್ಲ ಅಲ್ವಾ ಅತ್ತೆ? ಬಂದು ಬೈತೀನಿ.”

“ಬಾ, ಬೈಯುವೆಯಂತೆ. ಈಗ ಎತ್ತಬಹುದಾ ಹೇಳು.”

“ಎತ್ತಿ. ಮೆಲ್ಲಗೆ.”

ಚಾದರದಮ್ಮ ಗವಸು ಹಾಕಿಕೊಂಡು ಎತ್ತಿದಳು. ಲಾಡಿ ಅವಳ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ನಾಲಗೆ ಆಡಿಸಿತು. ಅವಳು ಮುಖವನ್ನು ಆದಷ್ಟೂ ಆಚೆ ತಿರುಗಿಸಿ, ಆ ಕೈಯನ್ನು ದೂರಕ್ಕೆ ಚಾಚಿ ಹಿಡಿದು, ಇನ್ನೊಂದು ಕೈಯಿಂದ ಹೊಲಸು ಕಾಗದವನ್ನು ಸುತ್ತತೊಡಗಿದಳು.