ತಾಯತದ ಮೊಳೆ

ಕೆ.ಆರ್. ಪುರದ ನಮ್ಮ ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುವ ಬ್ಯಾಂಡ್‌ಸಾ ಯಂತ್ರ ನಡೆಸುತ್ತಿದ್ದವರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಶಿವಾಜಿನಗರದಿಂದ ಬಂದವರೇ ಮೊದಲು ಕೊರಳಿನ ತಾಯತ ತೆಗೆದು ಗೋಡೆಯ ಮೊಳೆಗೆ ನೇತುಹಾಕುವರು. ಆಮೇಲೆ ಅಂಗಿಯ ತೋಳು ಮಡಚಿ, ಬ್ಲೇಡ್ ಸಡಿಲವಾಗಿದೆಯೇ ಎಂದು ನೋಡಿ, ಕಬ್ಬಿಣವನ್ನು ವೈಸಿನ ಹಿಡಿತದಲ್ಲಿ ಬಿಗಿದು, ಕೈಯಿಂದ ಜಗ್ಗಿ ನೋಡಿಯೇ ಸ್ವಿಚ್ಚಿಗೆ ಹೋಗುವುದು. ಅವಸರವೆನ್ನುವುದು ಅವರ ಮಟ್ಟಿಗೆ ಮಾಲೀಕರ ಕಾಯಿಲೆ.

ಚಳಿಗಾಲದಲ್ಲಿ ನಾನು ವೆಲ್ಡಿಂಗ್ ನಡುವೆ ಎದ್ದು, ಮಫ್ಲರ್ ಸುತ್ತಿಕೊಂಡೇ ಯಂತ್ರದ ಹತ್ತಿರ ಹೋದರೆ ಗದರುವರು: "ತಿರುಗೋದ್ರ ಹತ್ರ ತೂಗಾಡೋದು ಬೇಡ ಗುರು!"

ಒಮ್ಮೆ ಆಯುಧಪೂಜೆಯ ಮಾರನೆಯ ದಿನವೇ ತುರ್ತು ಕೆಲಸ ಬಂತು. ಯಂತ್ರಕ್ಕೆ ಹಾಕಿದ್ದ ಚೆಂಡುಹೂವಿನ ಹಾರ ಬ್ಲೇಡಿನ ಪಕ್ಕಕ್ಕೇ ಇಳಿಬಿದ್ದಿತ್ತು.

"ಹಾರ ಒಣಗೋ ತನಕ ತೆಗೀಬಾರ್ದು ಭಾಯ್. ಹಂಗೇ ಆನ್ ಮಾಡಿ," ಎಂದರು ಮಾಲೀಕರು.

ಭಾಯ್ ಮೇನ್ ಸ್ವಿಚ್ಚನ್ನೇ ಆಫ್ ಮಾಡಿದರು. "ತಿರುಗೋದ್ರ ಹತ್ರ ತೂಗಾಡೋದು ಬೇಡ ಸಾರ್."

"ದೇವ್ರಿಗೆ ಹಾಕಿರೋದು ರೀ ಅದು!"

ಭಾಯ್ ದಿನಾ ತಾಯತ ತೆಗೆಯುವಷ್ಟೇ ಮೆಲ್ಲಗೆ ಹಾರವನ್ನು ಬಿಡಿಸಿ, ಗೋಡೆಯ ಅದೇ ಮೊಳೆಗೆ ಹಾಕಿದರು.

"ನಂದೂ ಅಲ್ಲೇ ಇದೆಯಲ್ಲ ಸಾರ್."