ಮಂಗಳಾರತಿ ಹೊತ್ತಿನ ವಾಸನೆ

ದೇವರ ಮನೆಯಲ್ಲಿ ಆ ಕಲ್ಲನ್ನು ಇಟ್ಟವಳು ನಾನೇ. ತಪ್ಪನ್ನು ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಗೌರಿಬಿದನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಭಾನುವಾರವಾದರೆ ಸುತ್ತಿಗೆ, ಒಂದು ಹಳೇ ಟೈಲ್ಸ್ ಚೂರು ಬ್ಯಾಗಿಗೆ ಹಾಕಿಕೊಂಡು ಕಲ್ಲು ಹುಡುಕಲು ಹೊರಡುತ್ತೇನೆ. ಟೀಚರಮ್ಮನಿಗೆ ತಲೆ ಕೆಟ್ಟಿದೆ ಎಂದು ಬೀದಿಯಲ್ಲಿ ಆಡಿಕೊಳ್ಳುವುದು ನನಗೂ ಗೊತ್ತು. ಅದರಲ್ಲಿ ಸುಳ್ಳೇನೂ ಇಲ್ಲ. ಹೋದ ವರ್ಷ ಚಿಂತಾಮಣಿ ಕಡೆ ರಸ್ತೆ ಅಗಲ ಮಾಡಲು ಗುಡ್ಡ ಕಡಿದಿದ್ದರು. ಅಲ್ಲಿ ಬೆಣಚುಕಲ್ಲಿನ ಬಿಳಿ ಪಟ್ಟಿಯೊಳಗೆ ಅಂಗೈಯಗಲದ ಒಂದು ತುಂಡು ಬೆಳ್ಳಿಯ ಹಾಗೆ ಮಿನುಗುತ್ತಿತ್ತು. ಗಾಜಿನ ಬಾಟಲಿ ಮೇಲೆ ಎಳೆದೆ, ಗೀರು ಬಿತ್ತು. ಟೈಲ್ಸಿನ ಹಿಂಬದಿಗೆ ಉಜ್ಜಿದೆ, ಬೂದುಗಪ್ಪು ಗೆರೆ ಬಂತು. ಕೊನೆಗೆ ಸುತ್ತಿಗೆಯಿಂದ ಅಂಚಿಗೆ ಒಂದೇಟು ಕೊಟ್ಟು ಮೂಗಿನ ಹತ್ತಿರ ಹಿಡಿದೆ. ಘಮ್ಮೆಂದು ಬೆಳ್ಳುಳ್ಳಿ ವಾಸನೆ! ಆರ್ಸೆನೊಪೈರೈಟ್. ಕಬ್ಬಿಣ, ಗಂಧಕ, ಆರ್ಸೆನಿಕ್ ಸೇರಿದ ಅದಿರು. ನಮ್ಮ ಕಡೆ ಕೈಗೆ ಸಿಗುವುದು ಬಲು ಅಪರೂಪ. ಅಷ್ಟು ವರ್ಷ ಅಲೆದಿದ್ದಕ್ಕೂ ಸಾರ್ಥಕ ಎಂದು ರಸ್ತೆ ಬದಿಯಲ್ಲಿ ಒಬ್ಬಳೇ ಕುಣಿದುಬಿಟ್ಟೆ.

ನಮ್ಮ ಮನೆಗೆ ಹೊಸದು ಏನು ಬಂದರೂ ಮೊದಲು ದೇವರ ಮುಂದೆ ಇಡಬೇಕು. ಸೀರೆಯಾಗಲಿ, ಮೊಬೈಲಾಗಲಿ, ಮಿಕ್ಸಿಯಾಗಲಿ, ಕುಂಕುಮ ಹಚ್ಚಿ ಒಂದು ದಿನ ಕಳೆದ ಮೇಲೇ ಬಳಸುವುದು. ಕಲ್ಲನ್ನೂ ಹಾಗೇ ಇಟ್ಟೆ. ಮಾರನೆಯ ದಿನ ಚಿಕ್ಕಬಳ್ಳಾಪುರದಲ್ಲಿ ಹತ್ತು ದಿನದ ತರಬೇತಿ ಶುರುವಾಯಿತು. ಶಿಡ್ಲಘಟ್ಟದ ತಂಗಿಯ ಮನೆಯಲ್ಲಿ ಉಳಿದುಕೊಂಡೆ. ಕಲ್ಲು ತೆಗೆದಿಡುವುದು ಮರೆತೇಹೋಯಿತು.

ವಾಪಸು ಬಂದ ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ನಮ್ಮ ಮನೆಯವರು ಆಗಲೇ ರೈಲಿಗೆ ಹೊರಟುಹೋಗಿದ್ದರು. ದೇವರ ಮನೆಯಲ್ಲಿ ಅತ್ತೆಯ ಗಂಟೆ ಕೇಳಿಸಿತು. ಅದರ ಹಿಂದೆಯೇ ಬೆಳ್ಳುಳ್ಳಿ ವಾಸನೆ ಬಂತು. ಶ್ರಾವಣ ಮಾಸ, ಮನೆಯಲ್ಲಿ ಒಂದು ಎಸಳು ಬೆಳ್ಳುಳ್ಳಿಯೂ ಇರಲಿಲ್ಲ. ಆ ಹೊತ್ತಿನ ಆ ವಾಸನೆ ನಮ್ಮ ಮಾವನದು. ಬಿ.ಪಿ.ಗೆ ಒಳ್ಳೆಯದೆಂದು ದಿನಾ ಬೆಳಿಗ್ಗೆ ಎರಡು ಎಸಳು ಹಸಿ ಬೆಳ್ಳುಳ್ಳಿ ಅಗಿದು, ಅದೇ ಬಾಯಲ್ಲಿ ಮಂಗಳಾರತಿಗೆ ಬಂದು ನಿಲ್ಲುತ್ತಿದ್ದರು. ಶ್ರಾವಣದಲ್ಲೂ ಬಿಟ್ಟವರಲ್ಲ. "ದೇವ್ರು ಮೂಗು ಮುಚ್ಕೋತಾನೆ, ಆಚೆ ನಿಂತ್ಕೊಳ್ಳಿ" ಎಂದು ಅತ್ತೆ ಬೈಯದ ದಿನವಿರಲಿಲ್ಲ. ಮಾವನ ವರ್ಷದ ತಿಥಿ ಮುಗಿದು ಎರಡು ತಿಂಗಳಾಗಿತ್ತು.

ಬಾಗಿಲಿಗೆ ಹೋಗಿ ನೋಡಿದೆ. ಅತ್ತೆ ಕರ್ಪೂರವನ್ನು ನನ್ನ ಕಲ್ಲಿನ ಮೇಲೇ ಹಚ್ಚಿದ್ದರು. ಮೇಲೆ ಚಪ್ಪಟೆಯಾಗಿದೆ, ಉರಿಯ ಬೆಳಕಿಗೆ ಥಳಥಳ ಹೊಳೆಯುತ್ತದೆ, ಅವರಿಗೆ ಇನ್ನೇನು ಬೇಕು? ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಗೋಡೆಗೆ ಒತ್ತಿಕೊಂಡು ಕೂತಿದ್ದರು. ಆ ಖಾಲಿ ಜಾಗದ ಕಡೆ ತಿರುಗಿ ನಗುತ್ತಿದ್ದರು.

"ವಚ್ಚಾರಮ್ಮಾ" ಎಂದರು. ಬಂದಿದ್ದಾರೆ ಅಂತ. ಮಾವನ ಜೊತೆ ಮಾತ್ರ ಆಡುತ್ತಿದ್ದ ತೆಲುಗು ಅದು. "ಒಂದು ವಾರದಿಂದ ದಿನಾ ಬರ್ತಿದಾರೆ ಕಣಮ್ಮ. ಈಗ ನಾನು ಬೈಯಲ್ಲ."

ಕಾಯಿಸಿದರೂ ಆ ಕಲ್ಲು ಅದೇ ಬೆಳ್ಳುಳ್ಳಿ ವಾಸನೆ ಬಿಡುತ್ತದೆ, ಆ ಹೊಗೆ ವಿಷ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ವಯಸ್ಸಾದ ಹೆಂಗಸಿನ ಮುಂದೆ ಬಿಟ್ಟು ಹೋಗಿದ್ದೆ. ನಾಚಿಕೆಯೂ ಭಯವೂ ಒಟ್ಟಿಗೇ ಆದವು. ಇಷ್ಟಾದರೂ, ನಿಜ ಹೇಳುತ್ತೇನೆ, ಕಿಟಕಿ ತೆಗೆಯಲು ಹೋಗುವಾಗ ಅತ್ತೆ ಬಿಟ್ಟಿದ್ದ ಆ ಜಾಗವನ್ನು ನಾನು ತುಳಿಯಲಿಲ್ಲ. ಸುತ್ತಿಕೊಂಡು ಹೋದೆ.

"ಈ ಕಲ್ಲಲ್ಲಿ ವಿಷ ಇದೆ ಅತ್ತೆ, ಮನೇಲಿರಬಾರದು" ಎಂದು ಹೇಳಿ, ತಣ್ಣಗಾದ ಮೇಲೆ ಕವರಿನಲ್ಲಿ ಸುತ್ತಿ, ಅವತ್ತೇ ಚಿಕ್ಕಬಳ್ಳಾಪುರದಲ್ಲಿ ಭೂವಿಜ್ಞಾನ ಬಲ್ಲ ಮೇಷ್ಟರೊಬ್ಬರಿಗೆ ಒಪ್ಪಿಸಿಬಂದೆ. ಸಂಜೆ ಅತ್ತೆಯನ್ನು ಡಾಕ್ಟರಿಗೂ ತೋರಿಸಿದೆ. ಸದ್ಯಕ್ಕೆ ಏನೂ ತೊಂದರೆ ಕಾಣುವುದಿಲ್ಲ ಎಂದರು. ಆ ವಾಸನೆ ಕಲ್ಲಿನದು ಎನ್ನುವ ಒಂದು ಮಾತನ್ನು ಮಾತ್ರ ಅತ್ತೆಗೆ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಎಡಗಡೆ ಜಾಗ ಬಿಟ್ಟಿದ್ದರು. ಕರ್ಪೂರ ಪೂರ್ತಿ ಉರಿದು ಆರುವವರೆಗೂ ಕಾದರು. ಆಮೇಲೆ ನನ್ನನ್ನು ಕರೆದರು.

"ನಿಂಗೆ ವಾಸನೆ ಬಂತೇನಮ್ಮ?"

ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಅಷ್ಟರಿಂದಾದರೂ ಸಮಾಧಾನವಾಗಲಿ ಎಂದು "ಬಂತು ಅತ್ತೆ" ಅಂದುಬಿಟ್ಟೆ.

ಅತ್ತೆ ಆರಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಂಗೆ ಬರ್ಲಿಲ್ಲ" ಎಂದರು. "ಅಷ್ಟು ವರ್ಷ ಬೈದ್ನಲ್ಲ, ಅದಕ್ಕೇ ಇರ್ಬೇಕು. ನೀನೇ ಕೇಳಮ್ಮ ಅವರನ್ನ, ನನ್ ಹತ್ರ ಯಾಕೆ ಬರಲ್ಲ ಅಂತ."

ನನ್ನ ಕೈ ಹಿಡಿದು ಆ ಖಾಲಿ ಜಾಗದ ಎದುರಿಗೆ ಕೂರಿಸಿದರು.