ಸೈರನ್ ಹೊಡೆಸಿದ ಒಂಟಿ ಸೀನು

ಫ್ರೆಂಡ್ಸ್, ಇವತ್ತು ಇಲ್ಲಿ ಫಾರಿನ್‌ನಲ್ಲಿ, ನಮ್ಮ ಟಾರ್ನೀಟ್ ಊರಿನ ಬೀದಿಗೆಲ್ಲ ನಮ್ಮನೆಯಿಂದಲೇ ಮನರಂಜನೆ.

ಕಳ್ಳರು ಬಂದರೆ ಕೂಗೋ ಹೊಸ ಅಲಾರ್ಮ್ ಮನೆಗೆ ಹಾಕಿಸಿದ್ದೀವಿ. ಮನೇಲಿದ್ದಾಗ 'ಸ್ಟೇ' ಮೋಡ್, ಹೊರಗೆ ಹೋಗುವಾಗ 'ಅವೇ' (Away) ಮೋಡ್. 'ಅವೇ' ಬಟನ್ ಒತ್ತಿದ ಮೇಲೆ ಒಂದು ನಿಮಿಷದೊಳಗೆ ಎಲ್ಲರೂ ಹೊರಗಿರಬೇಕು. ಆಮೇಲೆ ಒಳಗೆ ಯಾರು ಅಲ್ಲಾಡಿದರೂ ಅದರ ಪಾಲಿಗೆ ಕಳ್ಳರೇ.

ಬೆಳಿಗ್ಗೆ ಫ್ರೆಂಡ್ ಮನೆ ಗೃಹಪ್ರವೇಶಕ್ಕೆ ಹೊರಟ್ವಿ. ನಾನು 'ಅವೇ' ಒತ್ತಿದೆ. ಬಾಗಿಲಲ್ಲಿ ನನ್ನ ಗಂಡ ಜೋರಾಗಿ ಸೀನಿದ್ರು. ಉಡುಪಿಯಿಂದ ಬಂದಿರೋ ಅತ್ತೆ ಅಲ್ಲೇ ನಿಂತುಬಿಟ್ಟರು.

"ಒಂಟಿ ಸೀನು! ಒಳಗೆ ಬನ್ನಿ, ಕೂತು ನೀರು ಕುಡಿದು ಹೊರಡುವ."

"ಅತ್ತೆ, ಟೈಮ್ ಓಡ್ತಿದೆ!"

"ಓಡ್ಲಿ ಮಾರಾಯ್ತಿ, ನೀನು ಕೂತುಕೋ."

ಆಫ್ ಮಾಡೋಕೆ ಹೋದ ನನ್ನನ್ನೂ ಕೈ ಹಿಡಿದು ಸೋಫಾ ಮೇಲೆ ಕೂರಿಸಿದ್ರು. ಲೋಟ ಬಾಯಿಗೆ ಹೋಗೋಷ್ಟರಲ್ಲಿ ಸೈರನ್ ಬೊಬ್ಬೆ ಹೊಡೀತು. ಎದುರು ಮನೆ ಪಂಜಾಬಿ ಅಂಕಲ್ ಕ್ರಿಕೆಟ್ ಬ್ಯಾಟ್ ಹಿಡಿದು ಓಡಿ ಬಂದರು. ನೋಡಿದರೆ ನಾವು ಮೂವರು ಹಬ್ಬದ ಬಟ್ಟೆಯಲ್ಲಿ ಸಾಲಾಗಿ ಕೂತು ನೀರು ಕುಡೀತಿದ್ದೀವಿ!

ಅತ್ತೆಗೆ ಮಾತ್ರ ಗೆದ್ದ ಖುಷಿ. "ನೋಡಿದಿಯಾ? ಸೀನಿದಾಗಲೇ ನನಗೆ ಗೊತ್ತಿತ್ತು, ಏನಾದರೊಂದು ಆಗ್ತದೆ ಅಂತ!"

ಇಲ್ಲಿ ಹೂವಿನ ಪರಾಗಕ್ಕೆ ಸೀನು ಬರೋ ಹೇ ಫೀವರ್ ಸೀಸನ್ ಈಗಷ್ಟೇ ಶುರು. ಇವರ ಸೀನು ಬೇಸಿಗೆವರೆಗೂ ನಿಲ್ಲಲ್ಲ. ಅತ್ತೆಯೂ ಅಲ್ಲಿವರೆಗೆ ಇಲ್ಲೇ.